ಹಿಂದ್, ಹಿಂದಿ ಮತ್ತು ಹಿಂದೂ

ಪ್ರಶ್ನೆ: ಹೊರದೇಶದಲ್ಲಿರುವ ನನ್ನ ಮಗಳನ್ನು ನೆರೆಮನೆಯವರು ‘ನೀವು ಮನೆಯಲ್ಲಿ ಹಿಂದೂ ಮಾತನಾಡುತ್ತೀರಾ?’ ಎಂದು ಕೇಳಿದರಂತೆ. ಹಿಂದಿಯಲ್ಲಿ ನಮ್ಮ ದೇಶಕ್ಕಿರುವ ಹೆಸರುಗಳು ಯಾವುವು? ಹಿಂದೂಸ್ತಾನ ಎಂದರೆ ಹಿಂದೂಗಳ ನಾಡು ಎಂದೇ ಅರ್ಥವೇ?

ಉತ್ತರ: ಹಿಂದಿಯಲ್ಲಿ ಭಾರತ್, ಹಿಂದೂಸ್ತಾನ್ ಮತ್ತು ಹಿಂದ್ ಎಂಬ ಮೂರು ಹೆಸರುಗಳು ಬಳಕೆಯಲ್ಲಿವೆ. ಬರಹಕ್ಕೂ ಆಡಳಿತಕ್ಕೂ ಸಲ್ಲುವ ಹೆಸರು ಭಾರತ್. ಸಂವಿಧಾನದ 1ನೇ ವಿಧಿಯು ಇಂಗ್ಲಿಷಿನಲ್ಲಿ ‘ಇಂಡಿಯಾ, ಅಂದರೆ ಭಾರತ’ ಎಂದು ಆರಂಭವಾದರೆ, ಹಿಂದಿ ಪಠ್ಯವು ಇದೇ ಮಾತನ್ನು ಹಿಂದುಮುಂದಾಗಿಸಿ ‘ಭಾರತ್, ಅರ್ಥಾತ್ ಇಂಡಿಯಾ’ ಎನ್ನುತ್ತದೆ. ಹಿಂದ್ ಎಂಬುದನ್ನು ನಾವು ‘ಜೈ ಹಿಂದ್’ ಘೋಷಣೆಯಲ್ಲಿ ದಿನವೂ ಕೇಳುತ್ತೇವೆ. ಸುಭಾಷ್‌ಚಂದ್ರ ಬೋಸರು 1943ರಲ್ಲಿ ಸಿಂಗಪುರದಲ್ಲಿ ಸ್ಥಾಪಿಸಿದ ತಾತ್ಕಾಲಿಕ ಸರ್ಕಾರದ ಹೆಸರೂ ‘ಆಜಾದ್ ಹಿಂದ್’ ಎಂದೇ ಇತ್ತು.

ಹಿಂದೂಸ್ತಾನ ಎಂಬ ಹೆಸರಿನ ಮೂಲದಲ್ಲಿರುವುದು ಧರ್ಮವಲ್ಲ, ಸಿಂಧೂ ನದಿ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆದಂತೆ, ಸಂಸ್ಕೃತದಲ್ಲಿ ಪದದ ಮೊದಲಿಗೆ ಬರುವ ಸಕಾರಕ್ಕೆ ಪ್ರತಿಯಾಗಿ ಪರ್ಷಿಯನ್ನಿನಲ್ಲಿ ಹಕಾರ ಕಾಣುತ್ತದೆ. ಸಪ್ತ ಅಲ್ಲಿ ‘ಹಫ್ತ್’. ವಾರವೆಂಬ ಅರ್ಥದ ‘ಹಫ್ತಾ’ ಬಂದದ್ದು ಅದರಿಂದಲೇ. ಹಾಗೆಯೇ ಸಿಂಧು ‘ಹಿಂದು’ ಆಯಿತು, ಆ ನದಿಯ ಸುತ್ತಲಿನ ನಾಡಿಗೂ ಕ್ರಮೇಣ ಅದರಾಚೆಯ ನಾಡಿಗೂ ಅದೇ ಹೆಸರು ನಿಂತಿತು. ಗ್ರೀಕರು ಹಕಾರವನ್ನೂ ಬಿಟ್ಟು ‘ಇಂಡೋಸ್’ ಎಂದರು. ಇಂಡಿಯಾ ಹುಟ್ಟಿದ್ದು ಅಲ್ಲಿಂದ. ಆದ್ದರಿಂದ ಹಿಂದೂ ಎಂಬುದು ಮೊದಲು ನದಿಯ ಮತ್ತು ನಾಡಿನ ಹೆಸರಾಗಿದ್ದು, ಧರ್ಮದ ಹೆಸರಾಗಿ ನೆಲೆಗೊಂಡದ್ದು ಬಹಳ ಕಾಲದ ನಂತರ.

ಹಿಂದ್ ಎಂಬುದಕ್ಕೆ ‘ಈ’ ಪ್ರತ್ಯಯ ಸೇರಿದರೆ ‘ಹಿಂದಿ’, ಅಂದರೆ ಹಿಂದ್‌ಗೆ ಸೇರಿದ್ದು. ಅರಬ್ಬಿಯಲ್ಲಿ ಇಂದಿಗೂ ಈ ಪದಕ್ಕೆ ಭಾರತೀಯ ಎಂದೇ ಅರ್ಥ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು: ಮನೆಯಲ್ಲಿ ಬ್ಯಾರಿ ಭಾಷೆಯಾಡುವ ಮಂಗಳೂರಿನ ಮುಸ್ಲಿಮರೊಬ್ಬರನ್ನು ಅಲ್ಲಿನವರು ‘ಹಿಂದಿ’ ಎಂದು ಕರೆದಾಗ, ಆ ಮಾತು ಅವರ ಭಾಷೆಯನ್ನೂ ಧರ್ಮವನ್ನೂ ಹೇಳುತ್ತಿಲ್ಲ, ದೇಶವನ್ನಷ್ಟೇ ಹೇಳುತ್ತಿದೆ. ಗೊಂದಲವನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಂಥ ಗೊಂದಲ ಹೊಸದೂ ಅಲ್ಲ. 1920ರಿಂದ 1940ರವರೆಗಿನ ಅಮೆರಿಕದ ಜನಗಣತಿಗಳಲ್ಲಿ ‘ಹಿಂದೂ’ ಎಂಬುದು ಜನಾಂಗದ ಹೆಸರಾಗಿತ್ತು. ಅಲ್ಲಿ ನೆಲೆಸಿದ್ದ ಭಾರತೀಯರಲ್ಲಿ ಬಹುಪಾಲು ಮಂದಿ ಪಂಜಾಬಿನ ಸಿಖ್ಖರಾಗಿದ್ದರೂ ಅವರೂ ಲೆಕ್ಕದಲ್ಲಿ ಹಿಂದೂಗಳೇ ಆದರು.

ಹಿಂದೂಗಳೆಲ್ಲ ಹಿಂದಿಯಾಡುವವರೂ ಅಲ್ಲ. ನಮ್ಮ 2011ರ ಜನಗಣತಿಯಲ್ಲಿ ಹಿಂದೂಗಳು ಶೇ 79.8, ಹಿಂದಿಯನ್ನು ತಾಯ್ನುಡಿಯೆಂದು ದಾಖಲಿಸಿದವರು ಶೇ 43.6, ಅದೂ ಭೋಜಪುರಿ, ರಾಜಸ್ಥಾನಿಯಂಥ ನುಡಿಗಳನ್ನು ಹಿಂದಿಯ ಲೆಕ್ಕಕ್ಕೇ ಸೇರಿಸಿದ ಮೇಲೆ. ಬಾಲಿ ದ್ವೀಪದ ಹಿಂದೂಗಳು ಆಡುವುದು ಬಾಲಿ ಭಾಷೆಯನ್ನು, ಫಿಜಿಯ ಹಲವು ಮುಸ್ಲಿಮರು ಆಡುವುದು ಫಿಜಿ ಹಿಂದಿಯನ್ನು. ಭಾಷೆಗೆ ಧರ್ಮವನ್ನು ಗಂಟುಹಾಕುವ ಇದೇ ತಪ್ಪು ಉರ್ದುವಿನ ವಿಷಯದಲ್ಲೂ ನಡೆಯುತ್ತದೆ, ಅದನ್ನು ಮುಸ್ಲಿಮರ ಭಾಷೆ ಎನ್ನುವುದುಂಟು. 1969ನೇ ಸಾಲಿನ ಜ್ಞಾನಪೀಠ ಪಡೆದ ಉರ್ದು ಕವಿ ಫಿರಾಕ್ ಗೋರಖ್‌ಪುರಿ ಅವರ ನಿಜನಾಮ ರಘುಪತಿ ಸಹಾಯ್.

ನಿಮ್ಮ ಮಗಳು ನೆರೆಮನೆಯವರಿಗೆ, ತನ್ನ ದೇಶ ಭಾರತ, ಮನೆಮಾತು ಕನ್ನಡ, ‘ಹಿಂದೂ’ ಎಂಬ ಭಾಷೆ ಎಲ್ಲಿಯೂ ಇಲ್ಲ ಎಂದು ಸಂಕೋಚವಿಲ್ಲದೆ ತಿಳಿಸಲಿ.