ಟಿಸಿಎಫ್ ಕೆನಡಾ ರೈಟಿಂಗ್‌ಗೆ ಸಿನೊನಿಮ್ ಲಿಸ್ಟ್ ಬಾಯಿಪಾಠ ಮಾಡಬೇಕಾ?

ಇನ್ನು ಆರು ವಾರಕ್ಕೆ ಟಿಸಿಎಫ್ ಕೆನಡಾ (ಕೆನಡಾಗೆ ವಲಸೆ ಹೋಗೋರು ಬರೆಯುವ ಫ್ರೆಂಚ್ ಪರೀಕ್ಷೆ), ರೈಟಿಂಗ್‌ನ ಮೂರನೇ ಟಾಸ್ಕ್‌ನಲ್ಲಿ ಪ್ಯಾರಾಫ್ರೇಸ್ ಮಾಡೋಕೆ, ಅಂದರೆ ಕೊಟ್ಟ ಬರಹವನ್ನು ನಮ್ಮ ಮಾತಲ್ಲಿ ಹೇಳೋಕೆ, ಒಳ್ಳೆ ಸಿನೊನಿಮ್ (ಸಮಾನಾರ್ಥಕ ಪದ) ಲಿಸ್ಟ್ ಇದ್ದರೆ ಕೊಡಿ ಅಂತ ಕೇಳಿದ್ದೀರಿ. ಅಂಥ ಲಿಸ್ಟ್ ನನ್ನ ಹತ್ತಿರ ಇತ್ತು. ಕೊಡಲ್ಲ.

ಎಡಗಡೆ ಒಂದು ಫ್ರೆಂಚ್ ಪದ, ಬಲಗಡೆ ಅದರ ಜಾಗದಲ್ಲಿ ಹಾಕಬಹುದಾದ ನಾಲ್ಕೈದು ಪದ. ಇಡೀ ನೋಟ್‌ಬುಕ್ ಹೀಗೇ ತುಂಬಿಸಿದ್ದೆ. ಮೆಟ್ರೋದಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ಎಲ್ಲೆಂದರಲ್ಲಿ ಉರು ಹೊಡೆದೆ. ರಿಸಲ್ಟ್ ಬಂದಾಗ ರೈಟಿಂಗ್‌ಗೆ 20ಕ್ಕೆ 9. ಅಂದರೆ ಫ್ರೆಂಚ್ ಮಟ್ಟಕ್ಕೆ ಕೆನಡಾ ಬಳಸುವ ಅಳತೆಯಾದ ಎನ್‌ಸಿಎಲ್‌ಸಿಯಲ್ಲಿ 6. ಇನ್ನೊಂದೇ ಒಂದು ಮಾರ್ಕ್ಸ್ ಬಂದಿದ್ದರೆ 7 ಆಗುತ್ತಿತ್ತು. ಕೆನಡಾ ವಲಸೆಯ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಫ್ರೆಂಚ್‌ಗೆ ಸಿಗುವ ಎಕ್ಸ್‌ಟ್ರಾ 50 ಪಾಯಿಂಟ್ ಬೇಕು ಅಂದರೆ ನಾಲ್ಕೂ ವಿಭಾಗದಲ್ಲಿ 7 ಇರಲೇಬೇಕು (ಇಂಗ್ಲಿಷ್ ಸ್ಕೋರೂ ಬೇಕು, ಅದು ನಿಮಗೆ ಗೊತ್ತಿರುತ್ತೆ). ಬರೀ ರೈಟಿಂಗ್ ಮಾತ್ರ ಮತ್ತೆ ಬರೀತೀನಿ ಅನ್ನೋ ಹಾಗಿಲ್ಲ. ನಾಲ್ಕನ್ನೂ ಮತ್ತೆ ಬರೆಯಬೇಕು, ಫೀಸೂ ಪೂರ್ತಿ ಮತ್ತೆ ಕಟ್ಟಬೇಕು. ಮನೆಯಲ್ಲಿ ಈ ವಿಷಯ ಹೇಳೋಕೆ ಎರಡು ದಿನ ಒದ್ದಾಡಿದೆ.

ಸರ್ಟಿಫಿಕೇಟ್‌ನಲ್ಲಿ ಅಂಕ, ಲೆವೆಲ್ ಬಿಟ್ಟು ಬೇರೇನೂ ಇರಲ್ಲ. ಎಲ್ಲಿ ತಪ್ಪಿದ್ದೀರಿ ಅಂತ ಯಾರೂ ಹೇಳಲ್ಲ. ಹಾಗಾಗಿ ನನ್ನ ಪ್ರಾಕ್ಟೀಸ್ ಹಾಳೆಗಳನ್ನೆಲ್ಲ ಒಬ್ಬ ಟೀಚರ್ ಹತ್ತಿರ ತೆಗೆದುಕೊಂಡು ಹೋದೆ. ಅವರು ಮೊದಲ ಹಾಳೆಯ ಮೂರನೇ ಸಾಲಿಗೇ ನಗೋಕೆ ಶುರು ಮಾಡಿದರು.

ಆ ಮೂರನೇ ಟಾಸ್ಕ್ ಹೀಗಿರುತ್ತೆ. ಒಂದೇ ವಿಷಯದ ಮೇಲೆ ಸುಮಾರು 90 ಪದಗಳ ಎರಡು ಬರಹ ಕೊಡುತ್ತಾರೆ, ಇಬ್ಬರದು ಬೇರೆ ಬೇರೆ ಅಭಿಪ್ರಾಯ. ಮೊದಲು 40ರಿಂದ 60 ಪದಗಳಲ್ಲಿ ಇಬ್ಬರ ಮಾತನ್ನೂ ನಿಮ್ಮ ಮಾತಲ್ಲಿ ಹೇಳಬೇಕು. ಆಮೇಲೆ 80ರಿಂದ 120 ಪದಗಳಲ್ಲಿ ನಿಮ್ಮ ನಿಲುವು. ನಾನು ಅಭ್ಯಾಸ ಮಾಡಿದ್ದ ವಿಷಯ ಉಚಿತ ಬಸ್. ಮೊದಲನೆಯವಳು ಹೇಳುತ್ತಾಳೆ: ಬಸ್ ಉಚಿತವಾದರೆ ಕಡಿಮೆ ಆದಾಯದ ಮನೆಯವರಿಗೆ ಓಡಾಟ ಸುಲಭ, ಊರೊಳಗೆ ಕಾರುಗಳೂ ಕಡಿಮೆ ಆಗುತ್ತವೆ. ಕಡಿಮೆ ಆದಾಯದ ಮನೆಯವರು ಅನ್ನೋದಕ್ಕೆ ಅಲ್ಲಿ 'ಮೆನಾಜ್ ಮೊದೆಸ್ತ್' ಅಂತ ಇತ್ತು. ನಾನು ಏನು ಮಾಡಿದೆ? ಲಿಸ್ಟ್ ನೆನಪಿಸಿಕೊಂಡೆ. 'ಮೆನಾಜ್' ತೆಗೆದು 'ಫಾಮಿಯ್' ಹಾಕಿದೆ. 'ಮೊದೆಸ್ತ್' ತೆಗೆದು 'ತಿಮಿದ್' ಹಾಕಿದೆ. ಅಲ್ಲಿಗೆ ಉಚಿತ ಬಸ್ಸಿನಿಂದ ನಾಚಿಕೆ ಸ್ವಭಾವದ ಕುಟುಂಬಗಳಿಗೆ ಅನುಕೂಲ ಅಂತಾಯಿತು. ಅಷ್ಟಕ್ಕೇ ಬಿಡಲಿಲ್ಲ. ಕಾರು ಅನ್ನೋ ಜಾಗದಲ್ಲಿ ವಾಹನ ಅಂತ ಹಾಕಿದ್ದೆ. ಬಸ್ಸೂ ವಾಹನವೇ ಅಲ್ವಾ? ಬಸ್ ಉಚಿತ ಮಾಡಿದರೆ ಊರಲ್ಲಿ ಬಸ್ ಕಡಿಮೆ ಆಗುತ್ತೆ ಅನ್ನೋ ಅರ್ಥ ಬಂತು.

ಪದ ತಪ್ಪಾಗಿದ್ದು ಸಣ್ಣ ವಿಷಯ, ತಮಾಷೆ ಅಂತ ಬಿಡಬಹುದು. ನನಗೆ ಆ ಒಂದು ಮಾರ್ಕ್ಸ್ ಹೋಗಿದ್ದು ಬೇರೆ ಕಾರಣಕ್ಕೆ. ವಾಕ್ಯದ ಅಸ್ಥಿಪಂಜರ ಹಾಗೇ ಇತ್ತು. ಕರ್ತೃ ಅದೇ ಜಾಗದಲ್ಲಿ, ಕ್ರಿಯಾಪದ ಅದೇ ಜಾಗದಲ್ಲಿ, ವಾದದ ಕ್ರಮವೂ ಅದೇ. ಓದಿದವರಿಗೆ ಎದುರಿಗಿರುವ ಬರಹವನ್ನೇ ಬಟ್ಟೆ ಬದಲಿಸಿ ಕೂರಿಸಿದ್ದು ಗೊತ್ತಾಗಿಬಿಡುತ್ತೆ. ಒಂದೊಂದು ಪದಕ್ಕೂ ಬದಲಿ ಹುಡುಕುತ್ತಾ ಕೂತಿದ್ದರಿಂದ ಸಾರಾಂಶವೇ 90 ಪದ ದಾಟುತ್ತಿತ್ತು. ಇಡೀ ಮೂರನೇ ಟಾಸ್ಕ್‌ಗೆ ಮಿತಿ 180. ಮೂರೂ ಟಾಸ್ಕ್‌ಗೆ ಸೇರಿ ಸಮಯ 60 ನಿಮಿಷ. ಪರೀಕ್ಷೆಯಲ್ಲೂ ಹಾಗೇ ಆಯಿತು, ನನ್ನ ಅಭಿಪ್ರಾಯ ಬರೆಯೋಕೆ ಉಳಿದಿದ್ದು ಚೂರುಪಾರು. ಇಬ್ಬರು ಯಾವ ವಿಷಯಕ್ಕೆ ಜಗಳ ಆಡುತ್ತಿದ್ದಾರೆ ಅನ್ನೋದನ್ನಂತೂ ನಾನು ಎಲ್ಲೂ ಹೇಳಿರಲೇ ಇಲ್ಲ. ಒಬ್ಬರದು ಒಂದು ಪ್ಯಾರಾ, ಇನ್ನೊಬ್ಬರದು ಒಂದು ಪ್ಯಾರಾ, ಮಧ್ಯೆ ಸಂಬಂಧವೇ ಇಲ್ಲ.

ಆ ಟೀಚರ್ ಹಾಳೆಯನ್ನು ಮಗುಚಿ ಇಟ್ಟು, "ಇಬ್ಬರದೂ ತಕರಾರು ಏನು, ಒಂದೇ ಮಾತಲ್ಲಿ ಹೇಳಿ" ಅಂದರು. ಕನ್ನಡದಲ್ಲೇ ಹೇಳಿದೆ: ಇವಳಿಗೆ ಟಿಕೆಟ್ ರದ್ದಾಗಬೇಕು, ಎರಡನೆಯವನಿಗೆ ಆ ಟಿಕೆಟ್ ದುಡ್ಡಲ್ಲಿ ಇನ್ನಷ್ಟು ಬಸ್ ಬಿಡಬೇಕು. "ಇದನ್ನೇ ಫ್ರೆಂಚ್‌ನಲ್ಲಿ ಬರೀರಿ." ಬರೆದೆ. ಮಧ್ಯದಲ್ಲಿ ಒಂದು 'ತಾಂದಿ ಕ' (ಇನ್ನೊಂದು ಕಡೆ ಅನ್ನೋ ಅರ್ಥದ ಜೋಡಣೆ ಪದ) ಹಾಕಿದರೆ ಎರಡೂ ಕಡೆ ಒಂದೇ ವಾಕ್ಯದಲ್ಲಿ ಎದುರುಬದುರು ನಿಂತವು. ಆಮೇಲೆ ಇಬ್ಬರಿಗೂ ಒಂದೊಂದು ಕಾರಣ ಸೇರಿಸಿದೆ. 60 ಪದದೊಳಗೆ ಮುಗಿಯಿತು. ಬಸ್ ಅನ್ನೋದನ್ನು ಬಸ್ ಅಂತಲೇ ಬಿಟ್ಟಿದ್ದೆ, ಯಾರೂ ಏನೂ ಅನ್ನಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನಗನ್ನಿಸುತ್ತೆ, ಬೇಜಾರು ಮಾಡ್ಕೋಬೇಡಿ. ಪ್ಯಾರಾಫ್ರೇಸ್ ಅಂದರೆ ಪದ ಬದಲಿಸೋದಲ್ಲ. ಮದುವೆಮನೆಯಲ್ಲಿ ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಮಾತಿಗೆ ಮಾತು ಬೆಳೆದಿದ್ದನ್ನು ರಾತ್ರಿ ಅಕ್ಕನಿಗೆ ಫೋನಲ್ಲಿ ಹೇಳುತ್ತೀರಲ್ಲ, ಹಾಗೆ. ಅವರಾಡಿದ ಒಂದೊಂದು ಮಾತಿಗೂ ಸಮಾನಾರ್ಥಕ ಹುಡುಕುತ್ತಾ ಕೂರುತ್ತೀರಾ? ಇವರಿಗೆ ಏನು ಬೇಕಿತ್ತು, ಅವರು ಯಾಕೆ ಒಪ್ಪಲಿಲ್ಲ, ಅಷ್ಟು ಹೇಳುತ್ತೀರಿ.

ನನ್ನ ಅಭ್ಯಾಸ ಆಮೇಲೆ ಹೀಗಾಯಿತು. ಎರಡು ಬರಹ ಓದೋದು, ಪರದೆಯಿಂದ ಕಣ್ಣು ತೆಗೆಯೋದು, ತಕರಾರನ್ನು ಮನಸ್ಸಿನಲ್ಲೇ ಒಂದು ಸಾಲಿನಲ್ಲಿ ಹೇಳಿಕೊಳ್ಳೋದು, ಬರಹ ನೋಡದೆ ಬರೆಯೋದು. ಕೊನೆಯಲ್ಲಿ ಮಾತ್ರ ತಿರುಗಿ ನೋಡಿ, ಅವರು ಹೇಳದೇ ಇದ್ದದ್ದು ಏನಾದರೂ ಸೇರಿಕೊಂಡಿದೆಯಾ ಅಂತ ತಾಳೆ ಹಾಕೋದು. ನಾಮಪದ ಜಾಸ್ತಿ ಇರುವ ವಾಕ್ಯವನ್ನು ಕ್ರಿಯಾಪದಕ್ಕೆ ತಿರುಗಿಸಿದರೆ ಅರ್ಧ ಕೆಲಸ ಆದಂತೆ. 'ಟಿಕೆಟ್ ರದ್ದತಿ' ಅಂತಿದ್ದರೆ 'ಜನ ದುಡ್ಡು ಕೊಡದೆ ಹತ್ತಿದರೆ' ಅಂತ. ನಿಮ್ಮ ಅಭಿಪ್ರಾಯ ಮೊದಲ ಭಾಗಕ್ಕೆ ನುಸುಳಬಾರದು. ಎರಡನೇ ಭಾಗದಲ್ಲಿ ಬೇಕಾದಷ್ಟು ಹೇಳಿ. ನಾನು ಅಭ್ಯಾಸಕ್ಕೆ ನಮ್ಮ ಶಕ್ತಿ ಯೋಜನೆಯನ್ನೇ ಉದಾಹರಣೆ ಕೊಡುತ್ತಿದ್ದೆ, ಜೂನ್ 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಅಂತ. ಜೊತೆಗೆ 2018ರಲ್ಲಿ ಎಲ್ಲರಿಗೂ ಬಸ್ ಉಚಿತ ಮಾಡಿದ ಫ್ರಾನ್ಸಿನ ಡಂಕರ್ಕ್. ಇಂಥ ಒಂದು ನಿಜವಾದ ಉದಾಹರಣೆ ಇದ್ದರೆ ವಾದಕ್ಕೆ ಬಲ ಬರುತ್ತೆ.

ಎರಡನೇ ಸಲ 12 ಬಂತು, ಎನ್‌ಸಿಎಲ್‌ಸಿ 8.

ಟಿಇಎಫ್ ಕೆನಡಾ ಅನ್ನೋ ಇನ್ನೊಂದು ಫ್ರೆಂಚ್ ಪರೀಕ್ಷೆಗೆ ಹೋಗಲಾ ಅಂತಲೂ ಕೊನೆಯಲ್ಲಿ ಕೇಳಿದ್ದೀರಿ. ಅಲ್ಲಿ ಎರಡು ಬರಹ ಹೋಲಿಸುವ ಟಾಸ್ಕ್ ಇಲ್ಲ, ನಿಜ. ಬದಲಿಗೆ ಅರ್ಧಕ್ಕೆ ನಿಂತ ಸುದ್ದಿಯನ್ನು ಮುಂದುವರಿಸಬೇಕು, ಆಮೇಲೆ ಪತ್ರಿಕೆಗೆ ಪತ್ರದ ರೂಪದಲ್ಲಿ ಕನಿಷ್ಠ 200 ಪದಗಳ ವಾದ ಬರೆಯಬೇಕು. ಇದು ಸುಲಭ ಅಂದವರು ಆ ಪತ್ರವನ್ನು ಬರೆದು ನೋಡಿರಲಿಕ್ಕಿಲ್ಲ. ಆರು ವಾರ ಇರುವಾಗ ಪರೀಕ್ಷೆ ಬದಲಿಸಬೇಡಿ. ಲಿಸ್ಟ್ ಬೇಕೇ ಬೇಕು ಅಂದರೆ 'ಆದರೆ', 'ಹಾಗಿದ್ದರೂ', 'ಇವರ ಪ್ರಕಾರ', 'ಇದಕ್ಕೆ ವಿರುದ್ಧವಾಗಿ' ಅನ್ನೋದಕ್ಕೆ ಫ್ರೆಂಚ್‌ನಲ್ಲಿ ಇರುವ ಎಂಟು ಹತ್ತು ಪದ ಬರೆದಿಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಮುಗಿಯುತ್ತೆ.