ಸಂಪಾದಕರ ಉತ್ತರ: ಕ್ಲೋಡ್ ಹೆಸರು ಹಾಡಿನಲ್ಲಿದೆ

ಹಾಸನದ ಓದುಗರೊಬ್ಬರು, ನಿವೃತ್ತ ಕನ್ನಡ ಮೇಷ್ಟ್ರು, ಹೀಗೆ ಬರೆಯುತ್ತಾರೆ: "ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದಿ ವಾಟರ್’ ಬಹಳ ದೊಡ್ಡ ಹಾಡು ಅಂತ ನಿಮ್ಮ ಪತ್ರಿಕೆಯಲ್ಲಿ ಓದಿದೆ. ನನ್ನ ಮೊಮ್ಮಗ ಗಿಟಾರ್ ಹಿಡಿದಾಗಿನಿಂದ ಬೆಳಗಾದರೆ ಮನೆಯಲ್ಲಿ ಅದೇ ನಾಲ್ಕು ಸ್ವರ. ಅವನ ಕೈಲೇ ಅರ್ಥ ಹೇಳಿಸಿಕೊಂಡೆ. ಎಲ್ಲೋ ಬೆಂಕಿ ಬಿತ್ತು, ಯಾವುದೋ ಹೋಟೆಲಿಗೆ ಹೋದೆವು, ಹೊರಗೆ ವ್ಯಾನ್ ನಿಂತಿತ್ತು. ಇದು ಕಾವ್ಯವೇ? ಪೇಪರಿನ ವರದಿ!"

ಮೇಷ್ಟ್ರೇ, ಒಂದು ಮಾತು ಒಪ್ಪುತ್ತೇನೆ. ಅದೇ ನಾಲ್ಕು ಸ್ವರ ದಿನವಿಡೀ ಕಿವಿಗೆ ಬಿದ್ದರೆ ಯಾರಿಗಾದರೂ ತಲೆ ಚಿಟ್ಟು ಹಿಡಿಯುತ್ತದೆ. ಹಾಡಿನಲ್ಲಿ ಉಪಮೆ, ಅಲಂಕಾರ ಹುಡುಕಿದರೂ ಸಿಗುವುದಿಲ್ಲ, ಅದೂ ನಿಜ. ಆದರೆ ಈ ಕಾಲದಲ್ಲಿ ಒಂದು ಹಾಡಿನ ಅರ್ಥ ಏನು ಅಂತ ಕೂತು ಕೇಳುವವರು ಎಷ್ಟು ಜನ? ನೀವು ಕೇಳಿದ್ದೀರಿ. ಕೇಳಿಯೂ ‘ಬರೀ ವರದಿ’ ಅಂತ ತಳ್ಳಿಬಿಟ್ಟಿರಲ್ಲ, ಅದೇ ನನಗೆ ಬೇಜಾರು.

ನಡೆದದ್ದು ಕೇಳಿ. 1971ರ ಡಿಸೆಂಬರ್. ಸ್ವಿಟ್ಜರ್ಲೆಂಡಿನ ಮಾಂಟ್ರೋ ಎಂಬ ಊರು, ಜಿನೀವಾ ಸರೋವರದ ದಡ. ಇಂಗ್ಲೆಂಡಿನಿಂದ ಬಂದ ಡೀಪ್ ಪರ್ಪಲ್‌ನ ಐದು ಜನ ಅಲ್ಲಿನ ಕ್ಯಾಸಿನೋ ಕಟ್ಟಡದಲ್ಲಿ ಹೊಸ ಆಲ್ಬಂ ರೆಕಾರ್ಡ್ ಮಾಡಬೇಕಿತ್ತು. ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋವನ್ನು, ಅಂದರೆ ಯಂತ್ರಗಳನ್ನು ತುಂಬಿದ ಟ್ರಕ್ಕನ್ನು, ಬಾಡಿಗೆಗೆ ತರಿಸಿದ್ದರು. ನಿಮ್ಮ ಮೊಮ್ಮಗ ಹೇಳಿದ ವ್ಯಾನ್ ಅದೇ. ಡಿಸೆಂಬರ್ 4ರಂದು ಅದೇ ಕ್ಯಾಸಿನೋದಲ್ಲಿ ಅಮೆರಿಕದ ಫ್ರಾಂಕ್ ಝಾಪಾ ತಂಡದ ಕಾರ್ಯಕ್ರಮ ಇತ್ತು. ಕಛೇರಿ ನಡೆಯುತ್ತಿದ್ದಾಗಲೇ ಪ್ರೇಕ್ಷಕರಲ್ಲಿ ಒಬ್ಬ ಫ್ಲೇರ್ ಗನ್, ಅಂದರೆ ಉರಿಯುವ ಮದ್ದು ಹಾರಿಸುವ ಪಿಸ್ತೂಲು, ತೆಗೆದು ಚಾವಣಿಗೆ ಹಾರಿಸಿದ. ಚಾವಣಿಗೆ ಬೆತ್ತದ ಹೊದಿಕೆ. ಹತ್ತಿಕೊಳ್ಳುವುದಕ್ಕೆ ಹೊತ್ತು ಬೇಕೇ?

ಕ್ಲೋಡ್ ನಾಬ್ಸ್ ಎಂಬಾತ ಆಗ ಒಳಗೆ ಹೊರಗೆ ಓಡಾಡಿ ಹುಡುಗ ಹುಡುಗಿಯರನ್ನು ಎಳೆದು ತಂದ. ಮಾಂಟ್ರೋ ಜಾಝ್ ಉತ್ಸವ ಹುಟ್ಟುಹಾಕಿದವರಲ್ಲಿ ಅವನೂ ಒಬ್ಬ. ಒಂದು ಜೀವವೂ ಹೋಗಲಿಲ್ಲ. ಕಟ್ಟಡ ಮಾತ್ರ ಪೂರ್ತಿ ಸುಟ್ಟುಹೋಯಿತು. ಝಾಪಾ ತಂಡದ ವಾದ್ಯಗಳೆಲ್ಲ ಬೂದಿಯಾದವು. ಪಾಪ, ವಾರ ಕಳೆಯುವುದರೊಳಗೆ ಲಂಡನ್ನಿನಲ್ಲಿ ಒಬ್ಬ ಝಾಪಾನನ್ನು ವೇದಿಕೆಯಿಂದ ಕೆಳಗೆ ತಳ್ಳಿ ಕಾಲು ಮುರಿದ.

ಡೀಪ್ ಪರ್ಪಲ್‌ನವರು ಹೊಗೆ ಸರೋವರದ ಮೇಲೆ ಹಬ್ಬುವುದನ್ನು ಕಣ್ಣಾರೆ ನೋಡಿದರು. ಕೆಲವು ದಿನಗಳ ನಂತರ ಬೇಸ್ ಗಿಟಾರ್ ನುಡಿಸುವ ರಾಜರ್ ಗ್ಲೋವರ್ ನಿದ್ದೆಯಿಂದ ಏಳುವಾಗ ‘ನೀರಿನ ಮೇಲೆ ಹೊಗೆ’ ಎಂಬ ಅರ್ಥದ ಹಾಡಿನ ಹೆಸರು ಅವನ ಬಾಯಿಗೆ ತಾನಾಗಿ ಬಂತಂತೆ. ಮಾದಕ ವಸ್ತುವಿನ ಹಾಡು ಅಂದುಕೊಂಡಾರು ಎಂಬ ಅಳುಕೂ ಇತ್ತು.

ಮನೆ ಕಳೆದುಕೊಂಡ ತಂಡಕ್ಕೆ ಕ್ಲೋಡ್ ಇನ್ನೊಂದು ರಂಗಮಂದಿರ ಕೊಡಿಸಿದ. ರಾತ್ರಿ ಜೋರಾಗಿ ಬಾರಿಸಿದರೆ ಅಕ್ಕಪಕ್ಕದವರು ಸುಮ್ನೆ ಇರುತ್ತಾರಾ? ಪೊಲೀಸರು ಬಂದರು. ತಂಡದ ಸಹಾಯಕ ಹುಡುಗರು ಬಾಗಿಲು ಒತ್ತಿ ಹಿಡಿದರು. ಅಷ್ಟರಲ್ಲಿ ಒಂದು ಹಾಡಿನ ವಾದ್ಯಭಾಗ ಮುಗಿಯಿತು. ಅದೇ ಈ ಹಾಡು, ಆಗ ಅದಕ್ಕೆ ಹೆಸರೂ ಇರಲಿಲ್ಲ. ಉಳಿದದ್ದೆಲ್ಲ ಗ್ರ್ಯಾಂಡ್ ಹೋಟೆಲಿನಲ್ಲಿ. ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲು ಅದು. ಕಾರಿಡಾರಿನಲ್ಲಿ ಡ್ರಮ್ಸ್ ಇಟ್ಟು, ಸದ್ದು ತಡೆಯಲು ಸುತ್ತ ಹಾಸಿಗೆ ನಿಲ್ಲಿಸಿದರು. ನುಡಿಸಿದ್ದನ್ನು ಕೇಳಬೇಕೆಂದರೆ ಕೋಣೆಗಳನ್ನು ದಾಟಿ, ಬಾಲ್ಕನಿ ದಾಟಿ, ಹೊರಗಿನ ಟ್ರಕ್ಕಿಗೆ ಹೋಗಬೇಕು. ಕೊನೆಗೆ ಹೋಗುವುದನ್ನೇ ಬಿಟ್ಟರು. ಚೆನ್ನಾಗಿ ಬಂತು ಅನ್ನಿಸಿದರೆ ಮುಂದಿನದಕ್ಕೆ ಕೈ ಹಾಕಿದರು.

ಇನ್ನು ಆ ನಾಲ್ಕು ಸ್ವರ. ಎಲ್ಲರೂ ಇದನ್ನು ಸಲೀಸು ಅಂದುಕೊಳ್ಳುತ್ತಾರೆ. ಹೊಸಬರು ಒಂದೇ ತಂತಿಯ ಮೇಲೆ ಪಿಕ್ ಹಿಡಿದು ಬಾರಿಸುತ್ತಾರೆ. ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಹಾಗೆ ನುಡಿಸಲಿಲ್ಲ. ಎರಡು ತಂತಿಗಳನ್ನು ಬೆರಳಿನಿಂದ ಒಟ್ಟಿಗೇ ಮೀಟಿದ, ಅದೂ ಷಡ್ಜ-ಮಧ್ಯಮದಷ್ಟು ಅಂತರದ ಜೋಡಿ ಸ್ವರಗಳು. ಆರ್ಗನ್ ನುಡಿಸುವ ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿದ. ಅದಕ್ಕೇ ಆರ್ಗನ್ ಗಿಟಾರಿನ ಹಾಗೆ ಗುರುಗುಟ್ಟುತ್ತದೆ. ಕಣ್ಣು ಮುಚ್ಚಿ ಒಮ್ಮೆ ಕೇಳಿ. ಮೊದಲು ಗಿಟಾರ್ ಒಂದೇ. ಆಮೇಲೆ ತಾಳ, ಆರ್ಗನ್, ಡ್ರಮ್ಸ್. ಬೇಸ್ ಬರುವುದು ಕೊನೆಗೆ. ಅದಾದ ಮೇಲೆ ಗಾಯಕ ಇಯಾನ್ ಗಿಲನ್ ಬಾಯಿ ಬಿಟ್ಟು ಕಥೆ ಶುರು ಮಾಡುತ್ತಾನೆ. ಊರಿನ ಹೆಸರು, ಸರೋವರ, ಝಾಪಾ, ಟ್ರಕ್ಕು, ತಣ್ಣಗೆ ಬಿದ್ದಿದ್ದ ಹೋಟೆಲು, ಎಲ್ಲವೂ ಬರುತ್ತವೆ. ಕ್ಲೋಡ್ ಕೂಡ ಹೆಸರು ಸಮೇತ ಬರುತ್ತಾನೆ.

1972ರಲ್ಲಿ ‘ಮಷೀನ್ ಹೆಡ್’ ಆಲ್ಬಂ ಬಂತು. ತಂಡದವರು ಬೇರೆ ಹಾಡನ್ನು ಸಿಂಗಲ್, ಅಂದರೆ ಬಿಡಿ ರೆಕಾರ್ಡ್, ಮಾಡಿದರು. ಇದು ಸಿಂಗಲ್ ಆಗಿ ಬಂದದ್ದು 1973ರಲ್ಲಿ, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು.

ಮೇಷ್ಟ್ರೇ, ಹಲಗಲಿ ಬೇಡರ ಲಾವಣಿಯನ್ನು ನೀವು ತರಗತಿಯಲ್ಲಿ ಪಾಠ ಮಾಡಿರುತ್ತೀರಿ. ಊರು ಯಾವುದು, ಸರ್ಕಾರ ಏನು ಹುಕುಂ ಹೊರಡಿಸಿತು, ಜಡಗ ಏನು ಮಾಡಿದ, ಬಾಲ ಏನು ಮಾಡಿದ, ಎಲ್ಲ ಇದೆ. ಅದೂ ವರದಿಯೇ ಅಲ್ವಾ? ನಿಮ್ಮ ಜಿಲ್ಲೆಯ ವೀರಗಲ್ಲುಗಳನ್ನು ಓದಿ ನೋಡಿ. ದನ ಹಿಡಿದುಕೊಂಡು ಹೋಗುವವರನ್ನು ತಡೆಯಲು ಹೋಗಿ ಇಂಥವನು ಸತ್ತ, ಅಷ್ಟೇ. ನೂರಾರು ವರ್ಷ ಆದರೂ ಆ ಹೆಸರು ಓದಿದರೆ ಮೈ ಜುಂ ಅನ್ನುತ್ತದೆ.

ಈಗ ನಮ್ಮ ಕಚೇರಿಗೆ ಬರುವ ಬರಹಗಳನ್ನು ನೀವು ನೋಡಬೇಕು. ಮಳೆಯ ಮೇಲೆ ಲೇಖನ ಬರುತ್ತದೆ, ಯಾವ ಊರಿನ ಮಳೆ ಅಂತ ಇರುವುದಿಲ್ಲ. ಅಜ್ಜಿಯ ಮೇಲೆ ಕವನ ಬರುತ್ತದೆ, ಅಜ್ಜಿಗೆ ಹೆಸರಿಲ್ಲ. ಪೇಪರುಗಳದ್ದು ಇನ್ನೂ ಸಂಕಟ. ಬಸ್ಸು ಕೆರೆಗೆ ಬಿದ್ದರೆ ನೋಡಲು ಬಂದ ಗಣ್ಯರ ಪಟ್ಟಿ ಉದ್ದಕ್ಕೆ ಇರುತ್ತದೆ. ನೀರಿಗೆ ಹಾರಿ ಮಕ್ಕಳನ್ನು ಎತ್ತಿ ತಂದವರು ಮಾತ್ರ ‘ಸ್ಥಳೀಯರು’. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕ್ಲೋಡ್ 2013ರಲ್ಲಿ ತೀರಿಕೊಂಡ. ಸಂಗೀತ ಕೇಳುವವರಿಗೆ ಜಗತ್ತಿನ ಯಾವ ಮೂಲೆಯಲ್ಲೂ ಅವನು ಗೊತ್ತು, ಯಾಕೆಂದರೆ ಐದು ಜನ ಹುಡುಗರು ಅವನನ್ನು ‘ಸ್ಥಳೀಯ’ ಅಂತ ಬರೆಯಲಿಲ್ಲ.

ಪತ್ರದ ಕೊನೆಗೆ ನೀವೇ ಸವಾಲು ಹಾಕಿದ್ದೀರಿ: "ನಮ್ಮೂರ ಟೆಂಟ್ ಸಿನಿಮಾಗೂ ಬೆಂಕಿ ಬಿದ್ದಿತ್ತು. ಅದರ ಮೇಲೆ ಯಾರಾದರೂ ಹಾಡು ಕಟ್ಟಿದರೇ?" ಕಟ್ಟಬೇಕಿತ್ತು ಮೇಷ್ಟ್ರೇ! ಯಾರೋ ಟೆಂಟಿನ ಬಟ್ಟೆ ಹರಿದು ಹೆಂಗಸರು ಮಕ್ಕಳನ್ನು ಹೊರಗೆ ಬಿಟ್ಟರು ಅಂತಲೂ ಬರೆದಿದ್ದೀರಿ. ಯಾರವರು? ಯಾವ ವರ್ಷ, ಅವತ್ತು ಯಾವ ಸಿನಿಮಾ ಓಡುತ್ತಿತ್ತು, ಬಟ್ಟೆ ಹರಿದದ್ದು ಕೈಯಲ್ಲೋ ಕುಡುಗೋಲಿನಲ್ಲೋ, ಅವರ ಮನೆಯವರು ಈಗ ಎಲ್ಲಿದ್ದಾರೆ? ವಿಚಾರಿಸಿ ಬರೆದು ಕಳಿಸಿ. ಎಷ್ಟೇ ಉದ್ದವಾಗಲಿ, ಪ್ರಕಟಿಸುತ್ತೇನೆ. ಹೆಸರು ಮಾತ್ರ ಬಿಡಬೇಡಿ.