ಹಳೆಯ ಪಿಕಪ್‌ನ ಪವರ್ ಸ್ಟಿಯರಿಂಗ್ ತೆಗೆದರೆ ಮೈಲೇಜ್ ಎಷ್ಟು ಹೆಚ್ಚೀತು?

ಪ್ರಶ್ನೆ: ನನ್ನಲ್ಲಿ ಸುಮಾರು ಇಪ್ಪತ್ತೈದು ವರ್ಷ ಹಳೆಯದಾದ ಪೆಟ್ರೋಲ್ ಪಿಕಪ್ ಇದೆ. ಲೀಟರಿಗೆ 9 ಕಿಲೋಮೀಟರಿನ ಆಸುಪಾಸು ಮೈಲೇಜ್ ಬರುತ್ತಿದೆ. ಹೆಚ್ಚಿನ ಓಡಾಟ ಹೆದ್ದಾರಿಯಲ್ಲೇ, ಭಾರ ಹೇರುವುದು ಅಪರೂಪ. ಪವರ್ ಸ್ಟಿಯರಿಂಗ್ ಪಂಪಿನ ಬೆಲ್ಟ್ ಕಳಚಿಬಿಟ್ಟರೆ ಎಂಜಿನ್ನಿನ ಹೊರೆ ಇಳಿದು ಸಾಕಷ್ಟು ಇಂಧನ ಉಳಿಯುತ್ತದೆ ಎಂದು ಪರಿಚಿತರೊಬ್ಬರು ಸಲಹೆ ನೀಡಿದ್ದಾರೆ. ಹೀಗೆ ಮಾಡಬಹುದೇ?

ಉತ್ತರ: ಮಾಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಿಮ್ಮ ಪರಿಚಿತರ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಉಳಿತಾಯದ ಪ್ರಮಾಣ ಅವರು ಭಾವಿಸಿರುವುದಕ್ಕಿಂತ ಬಹಳ ಚಿಕ್ಕದು.

ಎಣ್ಣೆಯ ಒತ್ತಡದಿಂದ ಕೈಗೆ ನೆರವಾಗುವ ಹೈಡ್ರಾಲಿಕ್ ಪವರ್ ಸ್ಟಿಯರಿಂಗ್‌ನ ಪಂಪ್ ಎಂಜಿನ್ ಓಡುತ್ತಿರುವಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ. ಆದರೆ ಅದು ಎಂಜಿನ್ನಿನಿಂದ ಎಳೆದುಕೊಳ್ಳುವ ಶಕ್ತಿ ಎಲ್ಲ ಹೊತ್ತಿನಲ್ಲೂ ಒಂದೇ ಅಲ್ಲ. ನೇರ ರಸ್ತೆಯಲ್ಲಿ ಸಾಗುವಾಗ ಸ್ಟಿಯರಿಂಗ್ ಬಾಕ್ಸಿನೊಳಗಿನ (ಚಕ್ರಗಳನ್ನು ತಿರುಗಿಸುವ ಗೇರುಗಳ ಪೆಟ್ಟಿಗೆ) ವಾಲ್ವ್ ನಡುಸ್ಥಾನದಲ್ಲಿ ತೆರೆದುಕೊಂಡಿರುವುದರಿಂದ, ಪಂಪಿನಿಂದ ಹೊರಟ ಎಣ್ಣೆ ಹೆಚ್ಚಿನ ತಡೆಯಿಲ್ಲದೆ ಸುತ್ತಿ ಬಂದು ಮತ್ತೆ ಎಣ್ಣೆಯ ಡಬ್ಬಿಯನ್ನು ಸೇರುತ್ತದೆ. ಆಗ ಕೊಳವೆಯಲ್ಲಿರುವ ಒತ್ತಡ ಕೆಲವೇ ಬಾರ್. ವಾಹನ ನಿಂತಿರುವಾಗ ಸ್ಟಿಯರಿಂಗನ್ನು ಒಂದು ಕೊನೆಯವರೆಗೆ ತಿರುಗಿಸಿ ಹಿಡಿದರೆ ಅದೇ ಒತ್ತಡ 70ರಿಂದ 100 ಬಾರ್‌ವರೆಗೆ ಏರಿ, ಪಂಪ್ ಒಂದು ಕಿಲೋವ್ಯಾಟ್‌ಗೂ ಹೆಚ್ಚು ಶಕ್ತಿಯನ್ನು ಬೇಡುತ್ತದೆ. ಹೆದ್ದಾರಿಯ ಓಟದಲ್ಲಾದರೋ ಪಂಪಿನ ಒಳಘರ್ಷಣೆ ಮತ್ತು ಬೆಲ್ಟಿನ ನಷ್ಟ ಸೇರಿದರೂ ಹೊರೆ ಸಾಮಾನ್ಯವಾಗಿ ಅರ್ಧ ಕಿಲೋವ್ಯಾಟ್ ಆಸುಪಾಸಿನಲ್ಲೇ ಇರುತ್ತದೆ.

ಇದನ್ನು ಇಡೀ ವಾಹನದ ಅಗತ್ಯದೊಂದಿಗೆ ಇಟ್ಟು ನೋಡಬೇಕು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಸುಮಾರು ಎರಡು ಟನ್ ತೂಕದ ಪಿಕಪ್ಪೊಂದು ಗಾಳಿಯ ತಡೆಯನ್ನೂ ಟೈರುಗಳ ಉರುಳುವಿಕೆಯ ತಡೆಯನ್ನೂ ಮೀರಿ ಸಾಗಲು ಎಂಜಿನ್ 20 ಕಿಲೋವ್ಯಾಟ್‌ನಷ್ಟು ಶಕ್ತಿ ಕೊಡಬೇಕಾಗುತ್ತದೆ. ಅದರಲ್ಲಿ ಅರ್ಧ ಕಿಲೋವ್ಯಾಟ್ ಎಂದರೆ ಶೇ 2.5. ಪಂಪನ್ನು ಕಳಚಿದರೂ ಎಂಜಿನ್ನಿನ ಸ್ವಂತ ಒಳಘರ್ಷಣೆ ಇದ್ದಷ್ಟೇ ಇರುವುದರಿಂದ, ಹೊರೆ ಇಳಿದ ಪ್ರಮಾಣದಲ್ಲಿ ಇಂಧನದ ಖರ್ಚು ಇಳಿಯುವುದಿಲ್ಲ. ಹಾಗಾಗಿ ಶೇ 1ರಿಂದ 2ರಷ್ಟು ಉಳಿತಾಯವನ್ನು ನಿರೀಕ್ಷಿಸುವುದು ನ್ಯಾಯ. ನಿಮ್ಮ ವಾಹನದ ಮಟ್ಟಿಗೆ ಅದು ಲೀಟರಿಗೆ 90ರಿಂದ 180 ಮೀಟರ್ ಹೆಚ್ಚಿನ ಓಟ. ಟ್ಯಾಂಕ್ ತುಂಬಿಸುವಾಗ ಒಮ್ಮೆ ಕುತ್ತಿಗೆಯವರೆಗೆ, ಇನ್ನೊಮ್ಮೆ ಬಂಕಿನ ಪೆಟ್ರೋಲ್ ಪಂಪ್ ತಾನಾಗಿ ನಿಲ್ಲುವವರೆಗೆ ಹಾಕಿಸಿದರೆ ಉಂಟಾಗುವ ಏರುಪೇರೇ ಇದಕ್ಕಿಂತ ದೊಡ್ಡದಿರುತ್ತದೆ. ಬೆಲ್ಟ್ ತೆಗೆದ ಮರುವಾರವೇ ಮೈಲೇಜ್ ಏರಿತೆಂದು ಹಲವರಿಗೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಈ ಅಲ್ಪ ಲಾಭಕ್ಕೆ ಪ್ರತಿಯಾಗಿ ಕಳೆದುಕೊಳ್ಳುವುದೇನು ಎಂಬುದು ಹೆಚ್ಚು ಮುಖ್ಯವಾದ ವಿಚಾರ. ಪಂಪ್ ತೆಗೆದ ಪವರ್ ಸ್ಟಿಯರಿಂಗ್ ಮ್ಯಾನ್ಯುವಲ್ ಸ್ಟಿಯರಿಂಗ್ ಆಗಿಬಿಡುವುದಿಲ್ಲ. ಕಾರ್ಖಾನೆಯಿಂದಲೇ ಮ್ಯಾನ್ಯುವಲ್ ಆಗಿ ಬಂದ ಸ್ಟಿಯರಿಂಗ್ ಬಾಕ್ಸಿನ ಅನುಪಾತ, ಅಂದರೆ ಮುಂದಿನ ಚಕ್ರಗಳು ಒಂದು ಡಿಗ್ರಿ ತಿರುಗಲು ಸ್ಟಿಯರಿಂಗನ್ನು ಎಷ್ಟು ಡಿಗ್ರಿ ತಿರುಗಿಸಬೇಕು ಎಂಬ ಲೆಕ್ಕ, ಸಾಮಾನ್ಯವಾಗಿ 20:1ಕ್ಕಿಂತ ಹೆಚ್ಚಿರುತ್ತದೆ. ಚಾಲಕ ಹೆಚ್ಚು ಸುತ್ತು ತಿರುಗಿಸಬೇಕು, ಆದರೆ ಪ್ರತಿ ಸುತ್ತಿಗೆ ಬೇಕಾಗುವ ಬಲ ಕಡಿಮೆ. ಪವರ್ ಬಾಕ್ಸಿನ ಅನುಪಾತ ಹಲವು ಪಿಕಪ್‌ಗಳಲ್ಲಿ 14:1ರಿಂದ 18:1ರವರೆಗೆ ಇರುತ್ತದೆ. ಎಣ್ಣೆಯ ಒತ್ತಡ ಸದಾ ನೆರವಿಗಿದೆ ಎಂದು ನಂಬಿಯೇ ಅದನ್ನು ವಿನ್ಯಾಸಗೊಳಿಸಿರುತ್ತಾರೆ. ಆ ನೆರವು ಇಲ್ಲವಾದಾಗ ಕೈಗಳು ಚಕ್ರಗಳನ್ನು ತಿರುಗಿಸುವುದರ ಜೊತೆಗೆ ಬಾಕ್ಸಿನೊಳಗಿನ ಪಿಸ್ಟನ್ನಿನ ಎರಡೂ ಬದಿಗಳಲ್ಲಿ ನಿಂತಿರುವ ಎಣ್ಣೆಯನ್ನು ಕೊಳವೆಗಳ ಮೂಲಕ ತಳ್ಳಬೇಕಾಗುತ್ತದೆ. ಬಾಕ್ಸಿನೊಳಗೆ ಟಾರ್ಶನ್ ಬಾರ್ ಎಂಬ ತೆಳುವಾದ ಉಕ್ಕಿನ ಸರಳಿರುತ್ತದೆ. ಚಾಲಕ ಎಷ್ಟು ಬಲ ಹಾಕುತ್ತಿದ್ದಾನೆ ಎಂಬುದಕ್ಕೆ ತಕ್ಕಂತೆ ಅದು ಕೊಂಚ ತಿರುಚಿಕೊಂಡು ವಾಲ್ವನ್ನು ತೆರೆಯುತ್ತದೆ. ನೆರವಿಲ್ಲದೆ ತಿರುಗಿಸುವಾಗ ಈ ಸರಳು ಪ್ರತಿ ಬಾರಿಯೂ ತನ್ನ ಮಿತಿಯವರೆಗೆ ತಿರುಚಿಕೊಂಡ ಮೇಲಷ್ಟೇ ಬಲ ಮುಂದಕ್ಕೆ ದಾಟುತ್ತದೆ. ಸ್ಟಿಯರಿಂಗ್ ಚಕ್ರದ ನಡುವೆ ಸಡಿಲ ಹೆಚ್ಚಿದಂತೆ ತೋರುವುದು ಇದರಿಂದಲೇ. ಪಂಪ್ ಕೆಟ್ಟಾಗ ವಾಹನವನ್ನು ಸುರಕ್ಷಿತವಾಗಿ ಬದಿಗೆ ತರಲೆಂದು ಇಟ್ಟಿರುವ ಈ ವ್ಯವಸ್ಥೆಯನ್ನು ನಿತ್ಯದ ಚಾಲನೆಗೆ ಬಳಸುವುದು ಆ ಭಾಗಗಳಿಗೆ ಮಾಡುವ ಅನ್ಯಾಯ.

ಚಕ್ರಗಳ ಜೋಡಣೆಯ ಕೋನಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ಪವರ್ ಸ್ಟಿಯರಿಂಗ್ ಇರುವ ವಾಹನಗಳಿಗೆ ಕಾಸ್ಟರ್ ಕೋನವನ್ನು (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಕ್ಷದ ಹಿಂದಕ್ಕಿನ ಓರೆ) ಹೆಚ್ಚಾಗಿ ಕೊಡುವುದು ವಾಡಿಕೆ. ಅದರಿಂದ ವೇಗದಲ್ಲಿ ವಾಹನ ನೇರವಾಗಿ ನಿಲ್ಲುತ್ತದೆ, ಆದರೆ ತಿರುಗಿಸಲು ಹೆಚ್ಚು ಬಲ ಬೇಕು. ಅಗಲವಾದ ಟೈರ್ ಹಾಕಿಸಿದ್ದರೆ ಕಷ್ಟ ಇನ್ನೂ ಹೆಚ್ಚು. ಹೆದ್ದಾರಿಯಲ್ಲಿ ನೇರವಾಗಿ ಸಾಗುವಾಗ ಇದೊಂದೂ ಗೊತ್ತಾಗದೆ ಇರಬಹುದು. ಅಡ್ಡಬಂದವರನ್ನು ತಪ್ಪಿಸಲು ಅರೆಕ್ಷಣದಲ್ಲಿ ತಿರುಗಿಸಬೇಕಾದಾಗ, ಇಲ್ಲವೇ ಮುಂದಿನ ಟೈರೊಂದು ಒಡೆದು ವಾಹನ ಒಂದು ಬದಿಗೆ ಎಳೆಯುವಾಗ ಮಾತ್ರ ಗೊತ್ತಾಗುತ್ತದೆ. ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಆ ಗಳಿಗೆಯೇ.

ಇನ್ನೊಂದು ಅಪಾಯವನ್ನು ಒತ್ತಿ ಹೇಳಬೇಕು. ಕೆಲವು ಪಿಕಪ್‌ಗಳಲ್ಲಿ, ವಿಶೇಷವಾಗಿ ಡೀಸೆಲ್ ಎಂಜಿನ್ನಿನ ದೊಡ್ಡ ಗಾತ್ರದವುಗಳಲ್ಲಿ, ಬ್ರೇಕ್ ಬೂಸ್ಟರ್ (ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಭಾಗ) ಕೂಡ ಇದೇ ಪಂಪಿನ ಒತ್ತಡದಿಂದ ಕೆಲಸ ಮಾಡುತ್ತದೆ. ಅಂತಹ ವಾಹನದಲ್ಲಿ ಪಂಪ್ ತೆಗೆದರೆ ಬ್ರೇಕಿನ ನೆರವೂ ಹೋಗುತ್ತದೆ. ಕೆಲವು ಹಳೆಯ ಎಂಜಿನ್‌ಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೋ ಆಲ್ಟರ್ನೇಟರನ್ನೋ ತಿರುಗಿಸುತ್ತಿರುತ್ತದೆ. ಬೆಲ್ಟ್ ಕಳಚಿದರೆ ಎಂಜಿನ್ ಬಿಸಿಯೇರುತ್ತದೆ ಅಥವಾ ಬ್ಯಾಟರಿ ಬರಿದಾಗುತ್ತದೆ. ಇನ್ನು ಮೇಲೆ ಹೇಳಿದ ಸಡಿಲ ಹೋಗಲೆಂದು ಬಾಕ್ಸನ್ನು ಬಿಚ್ಚಿ ಟಾರ್ಶನ್ ಬಾರ್ ಅಥವಾ ವಾಲ್ವನ್ನು ಬೆಸುಗೆ ಹಾಕಿಸುವ ಪದ್ಧತಿಯೂ ಇದೆ. ರೇಸಿನ ಅಂಕಣದಲ್ಲಿ ಓಡಿಸುವವರ ವಿಚಾರ ಬೇರೆ, ಸಾರ್ವಜನಿಕ ರಸ್ತೆಯಲ್ಲಿ ಓಡಾಡುವ ವಾಹನದ ಸ್ಟಿಯರಿಂಗ್ ಭಾಗಕ್ಕೆ ಬೆಸುಗೆಯ ಬಿಸಿ ತಾಗಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ನಿಮ್ಮದೇ ಮಾದರಿಯ ಪಿಕಪ್ ಮ್ಯಾನ್ಯುವಲ್ ಸ್ಟಿಯರಿಂಗ್‌ನೊಂದಿಗೂ ತಯಾರಾಗಿದ್ದರೆ ಒಂದು ಸರಿಯಾದ ದಾರಿಯಿದೆ. ಆ ಮಾದರಿಯ ಬಾಕ್ಸ್, ಅದಕ್ಕೆ ಹೊಂದುವ ಪಿಟ್‌ಮನ್ ತೋಳು (ಬಾಕ್ಸಿನ ತಿರುಗುವಿಕೆಯನ್ನು ಚಕ್ರಗಳ ಕಡೆಗೆ ಸಾಗಿಸುವ ತೋಳು), ಕಾಲಮ್ಮಿನ ಜೋಡಣೆ, ಸೂಕ್ತ ಅಳತೆಯ ಬೆಲ್ಟ್ ಎಲ್ಲವನ್ನೂ ಒಟ್ಟಾಗಿ ಅಳವಡಿಸಿ, ಅಲೈನ್‌ಮೆಂಟನ್ನು ಆ ಮಾದರಿಯ ಅಳತೆಗೇ ಹೊಂದಿಸಿ, ಇಂಥ ಬದಲಾವಣೆಗೆ ನಿಮ್ಮಲ್ಲಿ ಅನುಮತಿ ಬೇಕಿದ್ದರೆ ಅದನ್ನೂ ಪಡೆಯಬೇಕು. ಆದರೆ ಶೇ 2ರ ಉಳಿತಾಯದಿಂದ ಈ ಖರ್ಚು ಹಿಂತಿರುಗಲು ಬಹಳ ವರ್ಷಗಳೇ ಬೇಕಾದೀತು. ತಯಾರಕರೂ ಪಂಪಿನ ಈ ನಷ್ಟವನ್ನು ಕಡಿಮೆ ಮಾಡಲು ಯತ್ನಿಸಿದ್ದಾರೆ, ಆದರೆ ನೆರವನ್ನೇ ಕಿತ್ತುಹಾಕಿ ಅಲ್ಲ. 1988ರಲ್ಲಿ ಸುಜುಕಿ ಸೆರ್ವೊ ಕಾರಿನಲ್ಲಿ ಬಂದ ವಿದ್ಯುತ್ ಸ್ಟಿಯರಿಂಗ್ 2011ರ ಫೋರ್ಡ್ ಎಫ್-150 ಪಿಕಪ್‌ನ ಹೊತ್ತಿಗೆ ದೊಡ್ಡ ವಾಹನಗಳನ್ನೂ ತಲುಪಿತು. ತಿರುಗಿಸುವಾಗ ಮಾತ್ರ ಶಕ್ತಿಯನ್ನು ಬಳಸುವುದು ಅದರ ಗುಣ.

ಇಂಧನ ಉಳಿಸಬೇಕೆಂಬ ನಿಮ್ಮ ಕಾಳಜಿ ಮಾತ್ರ ಸರಿಯಾದದ್ದೇ. ಮೊದಲು ರೇಡಿಯೇಟರಿನ ಹಿಂದಿರುವ ಫ್ಯಾನನ್ನು ನೋಡಿ. ಅದು ಎಂಜಿನ್ನಿಗೆ ನೇರವಾಗಿ ಜೋಡಣೆಯಾಗಿದ್ದರೆ, ಅಥವಾ ಅದರ ವಿಸ್ಕಸ್ ಕ್ಲಚ್ (ಬಿಸಿಯೇರಿದಾಗ ಮಾತ್ರ ಫ್ಯಾನನ್ನು ಎಂಜಿನ್ನಿಗೆ ಬಿಗಿಯಾಗಿ ಜೋಡಿಸುವ ಭಾಗ) ಕೆಟ್ಟು ಸದಾ ಕಚ್ಚಿಕೊಂಡೇ ಇದ್ದರೆ, ಹೆದ್ದಾರಿಯ ವೇಗದಲ್ಲಿ ಅದು ಸ್ಟಿಯರಿಂಗ್ ಪಂಪಿಗಿಂತ ಎಷ್ಟೋ ಹೆಚ್ಚು ಶಕ್ತಿಯನ್ನು ನುಂಗುತ್ತದೆ, ಏಕೆಂದರೆ ಫ್ಯಾನಿಗೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ರೇಡಿಯೇಟರಿಗೆ ಹೋಗುವ ನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ನಿಂತುಹೋದರೆ ಎಂಜಿನ್ ಬೇಕಾದಷ್ಟು ಬಿಸಿಯಾಗಲು ಬಿಡುವುದಿಲ್ಲ. ಅದರಿಂದಲೂ ಪೆಟ್ರೋಲ್ ವ್ಯರ್ಥವಾಗುತ್ತದೆ. ಹಳೆಯ ವಾಹನಗಳಲ್ಲಿ ಉಜ್ಜುತ್ತಲೇ ಇರುವ ಬ್ರೇಕ್ ತೀರ ಸಾಮಾನ್ಯ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಹತ್ತಿರ ಮಾತ್ರ ಹೆಚ್ಚಿನ ಬಿಸಿ ಗಮನಕ್ಕೆ ಬಂದರೆ ಅದನ್ನು ಬಿಚ್ಚಿ ನೋಡಿಸಲೇಬೇಕು. ಟೈರಿನ ಗಾಳಿ, ಟೋ ಅಳತೆ (ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎಂಬುದು), ಇಗ್ನಿಷನ್ನಿನ ಸಮಯ, ಕಾರ್ಬ್ಯುರೇಟರ್ ಇದ್ದರೆ ಅದರ ಚೋಕ್ ಪೂರ್ತಿ ತೆರೆಯುತ್ತದೆಯೇ ಎಂಬುದು, ಇವೆಲ್ಲ ಒಂದು ದಿನದ ಕೆಲಸ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ವೇಗದಲ್ಲಿದೆ. ಗಂಟೆಗೆ 100 ಕಿಲೋಮೀಟರಿನಿಂದ 90ಕ್ಕೆ ಇಳಿದರೆ ಗಾಳಿಯ ತಡೆ ಶೇ 19ರಷ್ಟು ಕಡಿಮೆಯಾಗುತ್ತದೆ. ಪಂಪನ್ನು ತೆಗೆದು ಅದರ ಹತ್ತಿರಕ್ಕೂ ಬರಲು ಸಾಧ್ಯವಿಲ್ಲ.

ಪ್ರಶ್ನೆ: ಪಂಪಿನಿಂದ ಎಣ್ಣೆ ಸೋರುತ್ತಿದ್ದುದರಿಂದ ನನ್ನ ಪಿಕಪ್‌ನ ಪವರ್ ಸ್ಟಿಯರಿಂಗ್ ಬೆಲ್ಟನ್ನು ಈಗಾಗಲೇ ತೆಗೆದಿದ್ದೇನೆ. ಹಾಗೆಯೇ ಮುಂದುವರಿಸಿದರೆ ತೊಂದರೆಯೇ?

ಉತ್ತರ: ವರ್ಕ್‌ಶಾಪಿಗೆ ನಿಧಾನವಾಗಿ ಓಡಿಸಿಕೊಂಡು ಹೋಗುವಷ್ಟಕ್ಕೆ ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚಿನ ಓಡಾಟ ಬೇಡ. ಬ್ರೇಕ್ ಬೂಸ್ಟರ್ ಇದೇ ಪಂಪನ್ನು ಅವಲಂಬಿಸಿದ್ದರೆ ಅಷ್ಟು ದೂರವನ್ನೂ ಓಡಿಸದೆ ಎಳೆಸಿಕೊಂಡು ಹೋಗಿ. ಎಣ್ಣೆ ಪೂರ್ತಿ ಸೋರಿಹೋದರೆ ಬಾಕ್ಸಿನೊಳಗಿನ ಸೀಲುಗಳು ಒಣಗಿ ಬಿರಿಯುತ್ತವೆ, ಬೇರಿಂಗುಗಳಿಗೆ ಜಾರುಪದಾರ್ಥವಿಲ್ಲದೆ ಸವೆತ ಹೆಚ್ಚುತ್ತದೆ. ಆಮೇಲೆ ಪಂಪ್ ಮಾತ್ರವಲ್ಲ, ಬಾಕ್ಸನ್ನೂ ಬದಲಿಸಬೇಕಾಗುತ್ತದೆ. ಆದ್ದರಿಂದ ದುರಸ್ತಿಯಾಗುವವರೆಗೆ ಡಬ್ಬಿಯಲ್ಲಿ ಎಣ್ಣೆಯ ಮಟ್ಟವನ್ನು ಕಾಯ್ದುಕೊಳ್ಳಿ, ಮತ್ತು ಎಣ್ಣೆ ತುಂಬಿಸದೆ ಬೆಲ್ಟನ್ನು ಮತ್ತೆ ಏರಿಸಬೇಡಿ, ಏಕೆಂದರೆ ಒಣಗಿದ ಪಂಪ್ ಬಹುಬೇಗ ಬಿಗಿದು ತಿರುಗದಂತಾಗುತ್ತದೆ. ಸೋರಿಕೆ ಎಷ್ಟೋ ಸಲ ಪಂಪಿನದ್ದಾಗಿರದೆ ಹೋಸಿನ ಜೋಡಣೆಯದ್ದೋ ಶಾಫ್ಟಿನ ಸೀಲಿನದ್ದೋ ಆಗಿರುತ್ತದೆ. ಪಂಪನ್ನು ಒರೆಸಿ ಸ್ವಚ್ಛ ಮಾಡಿಸಿ, ಎಣ್ಣೆ ಮೊದಲು ಎಲ್ಲಿ ಜಿನುಗುತ್ತದೆ ಎಂದು ನಿಮ್ಮ ಎದುರಿಗೇ ನೋಡಿಸಿದ ನಂತರ ಹೊಸ ಪಂಪಿನ ಮಾತು ಆಡಿ.